ಸಿಟ್ಟಿನ ನಾಯಕನ ಕಥೆ ಬರೆಯುವುದು ಹೇಗೆ: ಗಂಜಿನ ಕಾಟಾದಿಂದ ಬಿದರಿಯ ಸುತ್ತಿಗೆವರೆಗೆ

ಕಲಬುರಗಿಯಲ್ಲಿ ಕಥೆ ಬರೆಯುವ ಹುಡುಗ ಹುಡುಗಿಯರ ಜೊತೆ ನಾನು ಆಗಾಗ ಕೂರುತ್ತೇನೆ. ಅವರು ತರುವ ಕಥೆಗಳಲ್ಲಿ ಅರ್ಧಕ್ಕರ್ಧ ಸಿಟ್ಟಿನ ನಾಯಕನವೇ. ಅನ್ಯಾಯ ಆಗುತ್ತದೆ, ಸಿಟ್ಟು ಬರುತ್ತದೆ, ಹೊಡೆದಾಟ ಆಗುತ್ತದೆ. ಆಮೇಲೆ ಹಿರಿಯರೊಬ್ಬರು ಬಂದು ನಾಲ್ಕು ಬುದ್ಧಿಮಾತು ಹೇಳುತ್ತಾರೆ. ನಾಯಕ ತಲೆ ತಗ್ಗಿಸುತ್ತಾನೆ. ಕಥೆ ಮುಗಿಯಿತು. ಓದಿದವರಿಗೆ ಮಾತ್ರ ಏನೂ ಆಗಿರುವುದಿಲ್ಲ.

ಈ ಹುಡುಗರಿಗೆ ಬರೆಯಲು ಬರುವುದಿಲ್ಲ ಅಂತಲ್ಲ. ಅವರು ಸಿಟ್ಟನ್ನು ಒಂದು ಕಡೆ, ಆಸೆಯನ್ನು ಇನ್ನೊಂದು ಕಡೆ ಇಟ್ಟು ಬರೆಯುತ್ತಾರೆ. ಸಿಟ್ಟು ಅಂದರೆ ಹೊಡೆತ, ಆಸೆ ಅಂದರೆ ದುಡ್ಡಿನ ಚೀಲ. ನನ್ನ ಲೆಕ್ಕದಲ್ಲಿ ಇವೆರಡೂ ಒಂದೇ ಗಂಟು. ಸಿಟ್ಟು ಹೊತ್ತು ತಿರುಗುವ ಮನುಷ್ಯನನ್ನು ಸೆಳೆಯುವುದು ಅವನ ಸಿಟ್ಟಿಗೆ ಬೇಕಾದ ತುತ್ತೇ. ಅದನ್ನು ಅವನ ಬಾಯಿಯ ಹತ್ತಿರ ತಂದು ನಿಲ್ಲಿಸಿದರೆ ಕಥೆ ತಾನಾಗಿ ಬಿಗಿಯಾಗುತ್ತದೆ.

ಹೇಗೆ ಅಂತ ತೋರಿಸಲು ಒಂದು ಕಥೆಯನ್ನು ನಿಮ್ಮ ಎದುರಿಗೇ ಕಟ್ಟುತ್ತಾ ಹೋಗುತ್ತೇನೆ. ನಾಯಕನ ಹೆಸರು ಸಾಯಬಣ್ಣ. ವಯಸ್ಸು ಇಪ್ಪತ್ತೆರಡು. ಊರು ಜೇವರ್ಗಿ ಕಡೆ, ಭೀಮಾ ನದಿಯ ದಂಡೆ. ಅಪ್ಪನಿಗೆ ನಾಲ್ಕು ಎಕರೆ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲ.

ಹಂತ 1: ಸಿಟ್ಟಿಗೆ ಒಂದು ಹುಟ್ಟೂರು ಇರಲಿ

'ಅವನು ಮೊದಲಿನಿಂದಲೂ ಮುಂಗೋಪಿ' ಅಂತ ಬರೆದರೆ ಓದುಗರು ಅವನಿಂದ ಒಂದು ಮಾರು ದೂರ ಸರಿಯುತ್ತಾರೆ. ಸಿಟ್ಟು ಯಾವ ದಿನ, ಯಾವ ಜಾಗದಲ್ಲಿ ಹುಟ್ಟಿತು ಅಂತ ನಿಮಗೆ ಗೊತ್ತಿರಬೇಕು. ಅದು ನ್ಯಾಯವಾದ ಸಿಟ್ಟೂ ಆಗಿರಬೇಕು. ತಪ್ಪು ಸಿಟ್ಟನ್ನು ಬಿಡುವುದರಲ್ಲಿ ದೊಡ್ಡಸ್ತಿಕೆ ಏನಿದೆ? ಸರಿಯಾದ ಸಿಟ್ಟನ್ನು ಹಿಡಿತಕ್ಕೆ ತರುವುದೇ ಕಷ್ಟ.

ಸಾಯಬಣ್ಣನ ಸಿಟ್ಟು ಹುಟ್ಟಿದ್ದು ಕಲಬುರಗಿಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ. ಜೂನ್ ಜುಲೈನಲ್ಲಿ ಬಿತ್ತಿದ ತೊಗರಿ, ರಾಶಿ ಮುಗಿಸಿ ಜನವರಿಯಲ್ಲಿ ಗಂಜಿಗೆ ಬಂದಿದೆ. ಹನ್ನೆರಡು ಚೀಲ. ಅಡತಿ ಅಂಗಡಿಯಲ್ಲಿ, ಅಂದರೆ ದಲಾಲಿಯ ಅಂಗಡಿಯಲ್ಲಿ, ಚೀಲಕ್ಕೆ ಎರಡು ಕಿಲೋ ಮುರಿದುಕೊಳ್ಳುತ್ತಾರೆ. ಕೇಳಿದರೆ 'ಕಸ, ಹಸಿ' ಅನ್ನುತ್ತಾರೆ. ಇಪ್ಪತ್ನಾಲ್ಕು ಕಿಲೋ ಹೋಯಿತು. ಅಪ್ಪ ಏನೂ ಅನ್ನದೆ ಚೀಟಿ ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಸಾಯಬಣ್ಣನಿಗೆ ಸಿಟ್ಟು ಬಂದದ್ದು ಎರಡು ಕಿಲೋಗೆ ಅಲ್ಲ, ಅಪ್ಪ ಆ ಚೀಟಿಯನ್ನು ಅಷ್ಟು ಜೋಪಾನವಾಗಿ ಮಡಚಿದ್ದಕ್ಕೆ.

ಸಣ್ಣ ಅಂಕಿ ಇಡಿ. 'ಲಕ್ಷಾಂತರ ರೂಪಾಯಿ ಮೋಸ' ಅಂದರೆ ಕಣ್ಣಿಗೆ ಕಟ್ಟುವುದಿಲ್ಲ. ಇಪ್ಪತ್ನಾಲ್ಕು ಕಿಲೋ ತೊಗರಿ ಅಂದರೆ ನಮ್ಮ ಕಡೆಯ ಯಾವ ಓದುಗರಿಗಾದರೂ ಕೈಯಲ್ಲೇ ಭಾರ ಗೊತ್ತಾಗುತ್ತದೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತಲ್ಲ, ಊರಿಗೆ ಊರೇ ಹೆಮ್ಮೆಪಟ್ಟಿತು. ಆ ಹೆಮ್ಮೆಯ ಮಾತು ಗೋಡೆಯ ಮೇಲೆ ಬರೆದಿರುವ ಅಂಗಡಿಯಲ್ಲೇ ಈ ತೂಕ ನಡೆಯಲಿ. ನೀವು ಬೇರೆ ಏನೂ ವಿವರಿಸಬೇಕಾಗಿಲ್ಲ.

ಹಂತ 2: ಸಿಟ್ಟನ್ನು ಮೈಯಲ್ಲಿ ತೋರಿಸಿ

'ಕಣ್ಣು ಕೆಂಪಾದವು', 'ಹಲ್ಲು ಕಡಿದ', 'ರಕ್ತ ಕುದಿಯಿತು'. ಈ ಮೂರನ್ನೂ ಅಳಿಸಿಬಿಡಿ. ಎಲ್ಲರ ಸಿಟ್ಟಿಗೂ ಹೊಂದುವ ಮಾತು ಯಾರ ಸಿಟ್ಟನ್ನೂ ತೋರಿಸುವುದಿಲ್ಲ.

ಸಿಟ್ಟು ಬಂದಾಗ ಮೈಯಲ್ಲಿ ಆಗುವುದು ಬಹಳ ಖಚಿತವಾದದ್ದು. ಅಡ್ರಿನಲಿನ್ ಏರುತ್ತದೆ. ಎದೆ ಬಡಿತ ಜೋರಾಗುತ್ತದೆ, ಉಸಿರು ಮೇಲೆ ಮೇಲೆ ಆಡುತ್ತದೆ, ಸ್ನಾಯು ಬಿಗಿಯುತ್ತದೆ. ನೋಟ ಕಿರಿದಾಗಿ ಎದುರಿಗಿರುವವನೊಬ್ಬನೇ ಕಾಣುತ್ತಾನೆ. ಪಕ್ಕದಲ್ಲಿ ಯಾರು ನಿಂತಿದ್ದಾರೆ ಅನ್ನುವುದು ತಪ್ಪಿಹೋಗುತ್ತದೆ. ಈ ಕೊನೆಯದು ಕಥೆಗಾರರಿಗೆ ಬಹಳ ಬೇಕಾದ ವಿಷಯ. ಮುಂದಿನ ಹಂತದಲ್ಲಿ ಅದರ ಕೆಲಸ ಇದೆ.

ಇನ್ನೊಂದು ಮಾತು. ಏರಿದ ಕಾವು ಇಳಿಯಲು ಹೊತ್ತು ಹಿಡಿಯುತ್ತದೆ. ಮನಸ್ಸು 'ಸಾಕು ಬಿಡು' ಅಂದ ಮೇಲೂ ಕೈ ನಡುಗುತ್ತಲೇ ಇರುತ್ತದೆ. ಜಗಳ ನಿಂತ ಕೂಡಲೇ ನಾಯಕನನ್ನು ಶಾಂತವಾಗಿ ಮಾತಾಡಿಸಬೇಡಿ. ಅವನು ನೀರು ಕುಡಿಯಲಿ, ಲೋಟ ಹಲ್ಲಿಗೆ ತಗಲಲಿ.

ನಾಯಕನಿಗೆ ಅವನದೇ ಆದ ಒಂದು ಗುರುತು ಕೊಡಿ. ನಮ್ಮ ಕಾಕಾ ಒಬ್ಬರಿದ್ದರು. ಸಿಟ್ಟು ಬಂದರೆ ಮಾತು ನಿಲ್ಲಿಸಿ, ತಲೆಯ ರುಮಾಲು ಬಿಚ್ಚಿ, ಮೊದಲಿನಿಂದ ಸುತ್ತಿಕೊಳ್ಳುತ್ತಿದ್ದರು. ಸುತ್ತು ಮುಗಿಯುವವರೆಗೆ ಮನೆಯಲ್ಲಿ ಯಾರೂ ಉಸಿರು ಎತ್ತುತ್ತಿರಲಿಲ್ಲ. ಕೆಲವು ಸಲ ಎರಡು ಬಾರಿ ಸುತ್ತಬೇಕಾಗುತ್ತಿತ್ತು. ಅಷ್ಟು ಸಿಟ್ಟಿನ ಮನುಷ್ಯ ಯಾರ ಮೇಲೂ ಕೈ ಎತ್ತಿದ್ದನ್ನು ನಾನು ನೋಡಿಲ್ಲ. ಆ ರುಮಾಲು ಎಷ್ಟು ಕೆಲಸ ಮಾಡುತ್ತಿತ್ತು ಅಂತ ನನಗೆ ಅರ್ಥವಾದದ್ದು ಅವರು ಹೋದ ಮೇಲೆ.

ಸಾಯಬಣ್ಣನಿಗೆ ನಾನು ಕೊಟ್ಟ ಗುರುತು ಬಲಗೈ ಹೆಬ್ಬೆರಳು. ಸಿಟ್ಟು ಬಂದರೆ ಅದು ಮುಷ್ಟಿಯ ಒಳಗೆ ಹೋಗಿ ಕೂರುತ್ತದೆ. ಮೂರು ಕಡೆ ಬಂದರೆ ಸಾಕು. ಮೂರನೇ ಸಲ 'ಸಿಟ್ಟು' ಅನ್ನುವ ಪದವೇ ಬೇಕಾಗುವುದಿಲ್ಲ.

ಹಂತ 3: ಮೊದಲು ಸೋಲಲಿ, ಬೆಲೆಯನ್ನು ಬೇರೆಯವರು ಕೊಡಲಿ

ಸಿಟ್ಟನ್ನು ಗೆಲ್ಲುವ ಕಥೆಯಲ್ಲಿ ನಾಯಕ ಒಮ್ಮೆ ಕೆಟ್ಟದಾಗಿ ಸೋಲಲೇಬೇಕು. ಅವನ ಸಿಟ್ಟು ತಪ್ಪು ಮನುಷ್ಯನ ಮೇಲೆ ಬೀಳಬೇಕು.

ಇದಕ್ಕೆ ನಮ್ಮ ನೆಲದ ಇತಿಹಾಸದಲ್ಲೇ ಒಂದು ಪಾಠ ಇದೆ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿ. ಪರ್ಷಿಯಾದ ಕಡೆಯಿಂದ ಬಂದವನು, ರಾಜ್ಯವನ್ನು ಎತ್ತಿ ನಿಲ್ಲಿಸಿದವನು. ಅವನನ್ನು ಕಂಡರಾಗದವರು ಒಂದು ಉಪಾಯ ಮಾಡಿದರು. ಅವನ ಮುದ್ರೆ ಕಾಯುವ ಆಳಿಗೆ ಕುಡಿಸಿ, ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು ಅನ್ನುತ್ತದೆ ಇತಿಹಾಸ. ಆ ಹಾಳೆಯಲ್ಲಿ, ಒಡಿಶಾದ ರಾಜನಿಗೆ ಗವಾನನೇ ರಾಜದ್ರೋಹದ ಪತ್ರ ಬರೆದ ಹಾಗೆ ಬರೆದರು. ಸುಲ್ತಾನ ಮೂರನೆಯ ಮುಹಮ್ಮದ್ ಕುಡಿದ ಅಮಲಿನಲ್ಲಿದ್ದ. ಪತ್ರ ನೋಡಿದ, ವಿಚಾರಣೆ ಇಲ್ಲದೆ ತಲೆ ತೆಗೆಸಿದ. ಅದು 1481. ನಿಜ ಗೊತ್ತಾದಾಗ ಹೊತ್ತು ಮೀರಿತ್ತು. ಮರುವರ್ಷ ಸುಲ್ತಾನನೂ ಸತ್ತ. ರಾಜ್ಯ ಮತ್ತೆ ಮೊದಲಿನ ಹಾಗೆ ನಿಲ್ಲಲಿಲ್ಲ.

ಈ ಘಟನೆಯನ್ನು ಕಥೆಗಾರರ ಕಣ್ಣಿನಿಂದ ನೋಡಿ. ಒಬ್ಬನ ಆಸೆ, ಇನ್ನೊಬ್ಬನ ಸಿಟ್ಟು. ಆಳು ಒಂದು ಸೀಸೆಗೆ ಸೋತ, ಅರಸ ಒಂದು ಹಾಳೆಗೆ ಸೋತ. ಜೀವ ಹೋದದ್ದು ಮೂರನೆಯವನದು. ನಿಮ್ಮ ಕಥೆಗೂ ಅಂಥ ಮೂರನೆಯವನೊಬ್ಬ ಬೇಕು.

ನಮ್ಮ ಕಥೆಯಲ್ಲಿ ಅವನು ಹಮಾಲ ಅಂಬಾರಾಯ. ಅಡತಿ ಅಂಗಡಿಯ ಸಾವ್ಕಾರ ಹೇಳಿದ ಹಾಗೆ ಕಾಟಾದ, ಅಂದರೆ ತೂಕದ ಯಂತ್ರದ, ಹತ್ತಿರ ನಿಂತು ಅಂಕಿ ಕೂಗಿದವನು, ಅಷ್ಟೇ. ಸಾವ್ಕಾರ ಒಳಗೆ ಗಾದಿಯ ಮೇಲೆ ಕೂತಿದ್ದಾನೆ. ಸಾಯಬಣ್ಣನಿಗೆ ಎದುರಿಗೆ ಕಾಣುವವನು ಅಂಬಾರಾಯ ಒಬ್ಬನೇ. ತಳ್ಳುತ್ತಾನೆ. ಚೀಲದ ಗೋಡೆ ಕುಸಿದು ಅಂಬಾರಾಯನ ಎಡಗೈ ಕೆಳಗೆ ಸಿಕ್ಕಿಕೊಳ್ಳುತ್ತದೆ. ಎರಡು ಬೆರಳು ಮುರಿಯುತ್ತವೆ. ಹಮಾಲನಿಗೆ ಬೆರಳು ಹೋದರೆ ಆ ಸುಗ್ಗಿ ಪೂರ್ತಿ ಹೋದ ಹಾಗೆ. ಗಾದಿಯ ಮೇಲಿನವನ ಚಹಾ ಕೂಡ ಚೆಲ್ಲಲಿಲ್ಲ.

ಇಲ್ಲಿ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ನಾಯಕನಿಂದ ಆ ಕ್ಷಣವೇ ಕಣ್ಣೀರು ಹಾಕಿಸಿಬಿಡುತ್ತಾರೆ. ಬೇಡ. ಅವನು ಸುಮ್ನೆ ಅಲ್ಲಿಂದ ಹೋಗಲಿ, 'ನಾ ಮಾಡಿದ್ದು ತಪ್ಪಲ್ಲ' ಅಂತ ದಾರಿಯುದ್ದಕ್ಕೂ ಹೇಳಿಕೊಳ್ಳಲಿ. ಪಶ್ಚಾತ್ತಾಪ ನಿಧಾನವಾಗಿ ಬರುವ ಜ್ವರ.

ಹಂತ 4: ಗುರುವಿನ ಬಾಯಿ ಮುಚ್ಚಿಸಿ, ಕೈಗೆ ಕೆಲಸ ಕೊಡಿ

ಸಿಟ್ಟು ಕೆಟ್ಟದ್ದು ಅಂತ ಯಾರಿಗೆ ಗೊತ್ತಿಲ್ಲ? ಗುರು ಬಂದು ಅದನ್ನೇ ಹೇಳಿದರೆ ಕಥೆ ಭಾಷಣ ಆಗುತ್ತದೆ. ಗುರು ಒಂದು ಕಸುಬು ಕಲಿಸಲಿ. ಕಲಿಕೆ ಕೈಯಿಂದ ತಲೆಗೆ ಹೋಗಲಿ.

ಸಾಯಬಣ್ಣ ಊರು ಬಿಟ್ಟು ಕಲಬುರಗಿಯಿಂದ ರೈಲು ಹತ್ತುತ್ತಾನೆ. ಹುಮನಾಬಾದ್ ದಾಟಿ ಬೀದರಿಗೆ, ಸೋದರಮಾವನ ಮನೆಗೆ. ಮಾವ ಅವನನ್ನು ಬಿದರಿ, ಅಂದರೆ ಬೆಳ್ಳಿ ಕೂರಿಸಿದ ಕಪ್ಪು ಲೋಹದ ಸಾಮಾನು, ಮಾಡುವ ಒಬ್ಬ ಉಸ್ತಾದರ ಬಳಿ ಕೆಲಸಕ್ಕೆ ಬಿಡುತ್ತಾನೆ. ಬಿದರಿಯನ್ನೇ ಯಾಕೆ ಆರಿಸಿಕೊಂಡೆ ಅಂತ ಹೇಳುತ್ತೇನೆ.

ಬಿದರಿ ಸಾಮಾನಿನ ಲೋಹದಲ್ಲಿ ಸತು ಜಾಸ್ತಿ, ತಾಮ್ರ ಸ್ವಲ್ಪ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡುತ್ತಾರೆ. ಗೀಚಿದ ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಹಚ್ಚಿ ಸ್ವಲ್ಪ ಹೊತ್ತಿಗೆ ಕಪ್ಪು ಮಾಡಿಕೊಳ್ಳುತ್ತಾರೆ. ಚೂಪು ಮೊಳೆಯಿಂದ ಹೂಬಳ್ಳಿ ಬಿಡಿಸಿ, ಸಣ್ಣ ಉಳಿಯಿಂದ ಆ ಗೆರೆಯನ್ನು ತೋಡುತ್ತಾರೆ. ತೋಡಿದ ಜಾಡಿನಲ್ಲಿ ಬೆಳ್ಳಿಯ ತಂತಿ ಕೂರಿಸಿ ಮೆಲ್ಲಗೆ ಬಡಿಯುತ್ತಾರೆ. ಮತ್ತೆ ಉಜ್ಜುತ್ತಾರೆ. ಆಗ ನೋಡಿದರೆ ಬೆಳ್ಳಿ ಯಾವುದು, ಸತು ಯಾವುದು ಅಂತ ತಿಳಿಯುವುದೇ ಇಲ್ಲ. ಕೊನೆಗೆ ಬೀದರ್ ಕೋಟೆಯ ಹಳೆ ಜಾಗದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಕಾಯಿಸಿದ ಸಾಮಾನಿಗೆ ಉಜ್ಜುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಗೆ ಮಾತ್ರ ಏನೂ ಆಗುವುದಿಲ್ಲ, ಅದು ಹಾಗೇ ಬೆಳ್ಳಗೆ ಹೊಳೆಯುತ್ತದೆ. ಮಣ್ಣು ಸರಿಯಾದದ್ದೋ ಅಂತ ಉಸ್ತಾದರು ನಾಲಿಗೆಗೆ ಮುಟ್ಟಿಸಿ ನೋಡುತ್ತಾರೆ.

ತಂತಿ ಕೂರಿಸುವ ಹೊತ್ತಿಗೆ ಬನ್ನಿ. ಸುತ್ತಿಗೆ ಒಂದಿಷ್ಟು ಜೋರಾಗಿ ಬಿದ್ದರೆ ತಂತಿ ಜಾಡಿನಿಂದ ಏಳುತ್ತದೆ, ಇಲ್ಲವೇ ಚಪ್ಪಟೆಯಾಗಿ ತುಂಡಾಗುತ್ತದೆ. ಮೆಲ್ಲಗಾದರೆ ಕಚ್ಚುವುದಿಲ್ಲ. ಸಾಯಬಣ್ಣ ಗಂಜಿನ ನೆನಪಾಗಿ ಬಡಿದ ದಿನವೆಲ್ಲ ತಂತಿ ಏಳುತ್ತದೆ. ಉಸ್ತಾದರು ಬೈಯುವುದಿಲ್ಲ. ಅವನ ಅಂಗೈ ಹಿಡಿದು ನೋಡಿ ಇಷ್ಟೇ ಹೇಳುತ್ತಾರೆ: 'ಬೇಟಾ, ಕೈ ಬಿಸಿ ಅದ. ಇವತ್ತು ತಂತಿ ಮುಟ್ಟಬ್ಯಾಡ. ಅರ ಹಿಡಿ.'

ಇಡೀ ಕಥೆಯಲ್ಲಿ ಗುರುವಿನ ಉಪದೇಶ ಅದೊಂದೇ ಸಾಲು. ಸಿಟ್ಟು ಹೋಗಲಿ ಅಂತ ಅವರು ಕಾಯುವುದಿಲ್ಲ. ಸಿಟ್ಟಿನ ದಿನಕ್ಕೆ ಬೇರೆ ಕೆಲಸ ಕೊಡುತ್ತಾರೆ, ಅಷ್ಟೇ. ಬಿಸಿ ಕೈ ಅರ ಉಜ್ಜಲು ಒಳ್ಳೆಯದೇ.

ನೀವು ಬಿದರಿಯನ್ನೇ ತರಬೇಕಿಲ್ಲ. ಶಹಾಬಾದಿನ ಕಲ್ಲು ಪದರ ಪದರವಾಗಿ ಎಬ್ಬಿಸುವ ಕೆಲಸ ಆಗಬಹುದು, ರೊಟ್ಟಿ ಬಡಿಯುವುದೂ ಆಗಬಹುದು. ಸಿಟ್ಟಿನಲ್ಲಿ ಬಡಿದ ಜೋಳದ ರೊಟ್ಟಿ ಹರಿಯುತ್ತದೆ ಅಂತ ನಮ್ಮ ತಾಯಂದಿರಿಗೆ ಚೆನ್ನಾಗಿ ಗೊತ್ತು. ನೀವು ಹತ್ತಿರದಿಂದ ನೋಡಿದ ಕಸುಬೇ ಆಗಿರಲಿ. ನೋಡಿಲ್ಲದಿದ್ದರೆ ಹೋಗಿ ಎರಡು ದಿನ ಕೂತು ನೋಡಿ ಬನ್ನಿ.

ಹಂತ 5: ಆಮಿಷ ನ್ಯಾಯದ ಅಂಗಿ ತೊಟ್ಟು ಬರಲಿ

ದುಡ್ಡು, ಹೆಂಡ, ಚೆಲುವೆ. ಹಳೆಯ ಕಥೆಗಳ ಮೂರು ಆಮಿಷಗಳು. ನಾಯಕ 'ಬೇಡ' ಅನ್ನುತ್ತಾನೆ ಅಂತ ಓದುಗರಿಗೆ ಮೊದಲೇ ಗೊತ್ತಿರುತ್ತದೆ. ತಪ್ಪು ಅಂತ ಕಾಣುವ ಆಮಿಷವನ್ನು ಬಿಡುವುದು ಸುಲಭ. ಸರಿ ಅಂತ ಕಾಣುವುದನ್ನು ಬಿಡುವಾಗ ಬೆವರು ಬರುತ್ತದೆ.

ಆಮಿಷ ಸಣ್ಣದಿದ್ದಷ್ಟೂ ಒಳ್ಳೆಯದು. ಬಸವಕಲ್ಯಾಣದ ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮನದು ನೆನಪಿದೆಯಲ್ವಾ? ಗಂಡ ಮಾರಯ್ಯ ದಿನಾ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಕದ್ದದ್ದಲ್ಲ, ನೆಲಕ್ಕೆ ಬಿದ್ದದ್ದೇ. ಲಕ್ಕಮ್ಮ ನೋಡಿದಳು. ಇದು ನಮ್ಮ ಇವತ್ತಿನ ಅಳತೆ ಮೀರಿತು, ವಾಪಸ್ ಸುರಿದು ಬಾ ಅಂದಳು. ಒಂದು ಹಿಡಿ ಅಕ್ಕಿಯ ವಿಷಯ. ಎಂಟು ನೂರು ವರ್ಷ ದಾಟಿದರೂ ಜನ ಅದನ್ನು ಮರೆತಿಲ್ಲ. ಅವಳ ಮನೆಯಲ್ಲಿ ಬಡತನ ಇತ್ತು, ಅದಕ್ಕೇ ಆ ಹಿಡಿ ಅಕ್ಕಿಗೆ ಅಷ್ಟು ತೂಕ.

ಸಾಯಬಣ್ಣನಿಗೆ ಬರುವ ಆಮಿಷ ಹೀಗೆ. ಮೂರು ಸುಗ್ಗಿ ಕಳೆದಿದೆ. ಅವನು ಊರಿಗೆ ಬರುತ್ತಾನೆ. ಅದೇ ಸಾವ್ಕಾರ ಅವನನ್ನು ಕರೆಸಿ ಹೇಳುತ್ತಾನೆ: 'ತಮ್ಮಾ, ಹಳೇದೆಲ್ಲ ಬಿಡು. ನಮ್ಮ ಅಂಗಡ್ಯಾಗ ಕಾಟಾದ ಚೀಟಿ ಬರಿ. ನಿಮ್ಮಪ್ಪನ ಸಾಲದ ಬಡ್ಡಿ ನಾ ಬಿಡ್ತೀನಿ.' ಯಾಕೆ ಕರೆದ? ರೈತರ ಪರವಾಗಿ ಕೈ ಎತ್ತಿದ ಹುಡುಗ ಅಂತ ಸಾಯಬಣ್ಣನಿಗೆ ಹಳ್ಳಿಗಳಲ್ಲಿ ಹೆಸರಾಗಿದೆ. ಅವನು ಕಾಟಾದ ಪಕ್ಕ ಕೂತರೆ ಆ ಹಳ್ಳಿಗಳ ತೊಗರಿಯೆಲ್ಲ ಈ ಅಂಗಡಿಗೇ ಬರುತ್ತದೆ. ಸಾವ್ಕಾರ ಕೊಳ್ಳುತ್ತಿರುವುದು ಅವನ ಸಿಟ್ಟಿನ ಹೆಸರನ್ನು. ಎದುರಾಳಿಗೂ ಹೀಗೆ ಒಂದು ಲೆಕ್ಕ ಇರಬೇಕು. ಸುಮ್ನೆ ಕೆಟ್ಟವನಾದರೆ ಕಥೆ ತೆಳ್ಳಗಾಗುತ್ತದೆ.

ಸಾಯಬಣ್ಣ ಒಪ್ಪಿಕೊಳ್ಳಲಿ. ಹೌದು, ಒಪ್ಪಿಕೊಳ್ಳಲಿ. ಒಳಗೆ ಹೋಗಿ ಸರಿ ಮಾಡುತ್ತೇನೆ ಅಂತ ಅವನಿಗೆ ಅವನೇ ಹೇಳಿಕೊಳ್ಳಲಿ. ಆಮಿಷದ ಹೊರಗೆ ನಿಂತು ಬೇಡ ಅನ್ನುವವನಿಗಿಂತ, ಒಂದು ಕಾಲು ಒಳಗಿಟ್ಟವನ ಪರದಾಟದಲ್ಲೇ ಕಥೆ ಇರುವುದು.

ಹಂತ 6: ಮೊದಲು ಆಸೆ, ಆಮೇಲೆ ಸಿಟ್ಟು

ಕೊನೆಯ ದೃಶ್ಯದಲ್ಲಿ ಎರಡೂ ಬರಬೇಕು. ಯಾವುದು ಮೊದಲು ಅನ್ನುವುದನ್ನು ಯೋಚಿಸಿ ಇಡಿ. ಬಹಳ ಜನ ಸಾವ್ಕಾರನ ಎದುರು ನಿಂತು ಗೆಲ್ಲುವುದನ್ನು ಮೊದಲು ಬರೆದು, ಆಮಿಷ ಬಿಡುವುದನ್ನು ಆಮೇಲೆ ತರುತ್ತಾರೆ. ತಿರುಗಿಸಿ. ತನ್ನ ಪರವಾಗಿ ತಪ್ಪು ತೂಕ ಬರೆಯದವನಿಗೆ ಮಾತ್ರ ಇನ್ನೊಬ್ಬನ ತಪ್ಪು ತೂಕ ತಡೆಯುವ ಅಧಿಕಾರ.

ನಾನು ಬರೆದ ತುಣುಕು ಇಲ್ಲಿದೆ:

ಕಾಟಾದಲ್ಲಿ ಕೆಂಪು ಅಂಕಿ ನಿಂತಿತು. 61.4. ಅಪ್ಪ ಚೀಲದ ಮೇಲೆ ಕೈ ಇಟ್ಟು ನಿಂತಿದ್ದ. 'ಎರಡು ಕಿಲೋ ಸೇರ್ಸಿ ಬರಿ,' ಅಂದ, ಯಾರಿಗೂ ಕೇಳದ ಹಾಗೆ. 'ನಮ್ದೇ ಹೋಗ್ಯಾವ.' ಸಾಯಬಣ್ಣ 6 ಬರೆದ. ಪೆನ್ನು ಅಲ್ಲೇ ನಿಂತಿತು. ಹಿಂದೆ ಅಂಬಾರಾಯ ಚೀಲದ ಬಾಯಿ ಹೊಲಿಯುತ್ತಿದ್ದ. ಭಾರ ಎತ್ತಲು ಬಾರದವನಿಗೆ ಈಗ ಅದೇ ಕೆಲಸ. ದಬ್ಬಣ ಗೋಣಿಯಲ್ಲಿ ಹೊಕ್ಕು ಹೊರಬರುವ ಸದ್ದು. ಸೊಟ್ಟಗೆ ಕೂಡಿದ ಎರಡು ಬೆರಳು ಮಡಚದೆ ಮೇಲಕ್ಕೇ ಇದ್ದವು. 'ಅರವತ್ತೊಂದು, ನಾಲ್ಕು ನೂರು,' ಸಾಯಬಣ್ಣ ಜೋರಾಗಿ ಕೂಗಿ ಬರೆದ. ಅಪ್ಪ ಚೀಲದಿಂದ ಕೈ ತೆಗೆದ.

ಇಲ್ಲಿ ಗಮನಿಸಿ. ಆಸೆ ಬಿಟ್ಟದ್ದು ಒಂದು ಕೆಲಸವಾಗಿ ಕಂಡಿತು: ಕೂಗಿದ, ಬರೆದ. 'ಅವನು ಮನಸ್ಸು ಗಟ್ಟಿ ಮಾಡಿಕೊಂಡ' ಅಂತ ಬರೆದಿದ್ದರೆ ಹೊರಗೆ ಏನೂ ಕಾಣುತ್ತಿರಲಿಲ್ಲ. ಬೆಲೆಯೂ ಆಗಲೇ ತೆತ್ತಾಯಿತು, ಅಪ್ಪನ ಕೈಯಲ್ಲಿ.

ಮುಂದಿನ ಗಾಡಿ ಬೇರೆ ಊರಿನ ಮುದುಕಿಯದು. ಐದೇ ಚೀಲ. ಗಾದಿಯ ಮೇಲಿಂದ ಸಾವ್ಕಾರ ಎರಡು ಬೆರಳು ಎತ್ತಿ ತೋರಿಸುತ್ತಾನೆ: ಎರಡು ಮುರಿ. ಸಾಯಬಣ್ಣನ ಹೆಬ್ಬೆರಳು ಮುಷ್ಟಿಯೊಳಗೆ ಹೋಗುತ್ತದೆ. ಇದು ಮೂರನೇ ಸಲ. ಹೆಬ್ಬೆರಳು ಒಳಗಿದ್ದರೆ ಪೆನ್ನು ಹಿಡಿಯಲು ಆಗುವುದಿಲ್ಲ. ಅದಕ್ಕೇ ಅವನು ಅದನ್ನು ನಿಧಾನವಾಗಿ ಹೊರಗೆ ತರುತ್ತಾನೆ. ಉಸ್ತಾದರ ಹೆಸರು ಎಲ್ಲೂ ಎತ್ತಬೇಡಿ. ಇಷ್ಟು ಹೊತ್ತಿಗೆ ಓದುಗರೇ ಆ ಸುತ್ತಿಗೆಯ ಸದ್ದು ಕೇಳಿಸಿಕೊಂಡಿರುತ್ತಾರೆ. ಅವನು ಕಾಟಾದ ಅಂಕಿಯನ್ನು ಇದ್ದ ಹಾಗೆ ಕೂಗುತ್ತಾನೆ, ಮೊದಲಿಗಿಂತ ಜೋರಾಗಿ, ಪಕ್ಕದ ಅಂಗಡಿಗೂ ಕೇಳುವ ಹಾಗೆ. ಐದು ಚೀಲಕ್ಕೂ ಐದು ಸಲ.

ಸಂಜೆಗೆ ಕೆಲಸ ಹೋಗುತ್ತದೆ. ಬಡ್ಡಿ ಮತ್ತೆ ಶುರುವಾಗುತ್ತದೆ. ಇವೆರಡನ್ನೂ ಒಂದೊಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಸಾವ್ಕಾರ ಒಳ್ಳೆಯವನಾಗಿ ಬದಲಾಗುವುದು, ಜನ ನಾಯಕನನ್ನು ಹೆಗಲ ಮೇಲೆ ಹೊರುವುದು, ಇವು ಬೇಡ.

ಹಂತ 7: ಕ್ಷಮೆಯನ್ನೂ ಕೈಯಲ್ಲೇ ತೋರಿಸಿ

ಅಂಬಾರಾಯನ ಹತ್ತಿರ ಸಾಯಬಣ್ಣ ಕ್ಷಮೆ ಕೇಳಬೇಕಾ? ಈ ಪ್ರಶ್ನೆ ಬಂದೇ ಬರುತ್ತದೆ. ಕೇಳಲಿ, ಆದರೆ ಮಾತಿನಲ್ಲಿ ಬೇಡ ಅನ್ನಿಸುತ್ತದೆ ನನಗೆ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಅವನು ಅಂಬಾರಾಯನ ಪಕ್ಕ ಕೂತು ಇನ್ನೊಂದು ದಬ್ಬಣಕ್ಕೆ ಸುತಳಿ ಪೋಣಿಸಲಿ. ಅಂಬಾರಾಯ ಮುಖ ನೋಡದೆ ಒಂದು ಚೀಲ ಅವನ ಕಡೆ ನೂಕಲಿ. ಒಪ್ಪಿದನೋ, ಬರೀ ಕೆಲಸ ಹಂಚಿದನೋ, ಅದು ಓದುಗರಿಗೆ ಬಿಟ್ಟದ್ದು.

ಹಂತ 8: ತಿದ್ದುವಾಗ

ಬರೆದು ಮುಗಿಸಿ ಒಂದು ವಾರ ಇಟ್ಟುಬಿಡಿ. ಆಮೇಲೆ ಒಂದು ಪೆನ್ನು ಹಿಡಿದು ಕೂತು, 'ಸಿಟ್ಟು', 'ಕೋಪ', 'ಆಸೆ', 'ಮೋಹ' ಅನ್ನುವ ಪದ ಬಂದ ಕಡೆಯೆಲ್ಲ ಸುತ್ತು ಹಾಕಿ. ಪ್ರತಿಯೊಂದನ್ನೂ ತೆಗೆದು ಓದಿ ನೋಡಿ. ತೆಗೆದರೂ ಅರ್ಥವಾದರೆ ಅಲ್ಲಿ ಅದು ಬೇಡ. ತೆಗೆದ ಕೂಡಲೇ ಸಾಲು ಖಾಲಿಯಾದರೆ, ಅಲ್ಲಿ ನೀವು ಏನನ್ನೂ ತೋರಿಸಿರಲಿಲ್ಲ ಅಂತ. ಆ ಜಾಗಕ್ಕೆ ಒಂದು ಕೈ, ಒಂದು ವಸ್ತು, ಒಂದು ಸದ್ದು ತನ್ನಿ.

ಮಾತುಗಳನ್ನು ಗಟ್ಟಿಯಾಗಿ ಓದಿ. ಗಂಜಿನ ಹಮಾಲ ಪುಸ್ತಕದ ಹಾಗೆ ಮಾತಾಡುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಾಧ್ಯವಾದರೆ ತೂಕದ ಭಾಗವನ್ನು ಗಂಜಿಗೆ ಹೋಗಿ ಬರುವ ಒಬ್ಬ ರೈತರಿಗೆ ಓದಿ ಹೇಳಿ. ನಾನು ಹೀಗೇ ಓದಿ ಹೇಳಿದಾಗ ಹಿರಿಯರೊಬ್ಬರು ಎಲ್ಲ ಕೇಳಿಸಿಕೊಂಡು, 'ಚೀಲದ ತೂಕ ಕಳದಿಲ್ಲ ನೀ' ಅಂದರು. ಖಾಲಿ ಗೋಣಿಗೂ ಒಂದು ತೂಕ ಇರುತ್ತದೆ, ಅದನ್ನು ನ್ಯಾಯವಾಗಿಯೇ ಕಳೆಯುತ್ತಾರೆ. ಕಥೆಗೆ ಒಂದು ಸಾಲು ಸೇರಿಸಿದೆ: ತೂಕ ಶುರುವಾಗುವ ಮೊದಲು ಸಾಯಬಣ್ಣ ಒಂದು ಖಾಲಿ ಚೀಲವನ್ನು ಕಾಟಾದ ಮೇಲೆ ಇಟ್ಟು, ಎಲ್ಲರಿಗೂ ಕಾಣುವ ಹಾಗೆ ಅಂಕಿ ತೋರಿಸುತ್ತಾನೆ.